ಮನೆಯಲ್ಲೇ ಕಟ್ಟಿದ ವ್ಯಾಕ್ಯೂಮ್ ಪ್ರೆಸ್: ಕಲಬುರಗಿಯ ಬಿಸಿಲಿನಲ್ಲಿ ಕೆಲವು ವರ್ಷಗಳ ಬಳಕೆಯ ನಂತರ

ಹಳೆಯ ಫ್ರಿಜ್ಜಿನ ಕಂಪ್ರೆಸರ್, ಹೊಲದ ನೀರಾವರಿಗೆ ಬಳಸುವ ಪಿವಿಸಿ ಪೈಪಿನ ಒಂದು ತುಂಡು ಮತ್ತು ದಪ್ಪ ಪಿವಿಸಿ ಹಾಳೆಯ ಚೀಲ, ಮುಖ್ಯವಾಗಿ ಈ ಮೂರರಿಂದ ಕಟ್ಟಿದ ವ್ಯಾಕ್ಯೂಮ್ ಪ್ರೆಸ್ಸನ್ನು (ಚೀಲದೊಳಗಿನ ಗಾಳಿ ತೆಗೆದು ಹಲಗೆಯನ್ನು ಒತ್ತಿ ಹಿಡಿಯುವ ಸಾಧನ) ಕಲಬುರಗಿಯ ನನ್ನ ಸಣ್ಣ ಮರಗೆಲಸದ ಕೋಣೆಯಲ್ಲಿ ಕೆಲವು ವರ್ಷಗಳಿಂದ ಬಳಸುತ್ತಿದ್ದೇನೆ. ಮೇಜಿನ ಹಲಗೆ, ಕಪಾಟಿನ ಬಾಗಿಲು, ದೇವರ ಕೋಣೆಯ ಕಮಾನು, ಹೀಗೆ ಪ್ಲೈವುಡ್ ಅಥವಾ ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಮೇಲೆ ತೇಗದ ವೆನೀರ್, ಅಂದರೆ ಮರದ ತೆಳು ಹಾಳೆ, ಅಂಟಿಸುವ ಕೆಲಸಗಳೆಲ್ಲ ಈಗ ಇದರಲ್ಲೇ ಆಗುತ್ತವೆ. ಇಷ್ಟು ದಿನ ಬಳಸಿದ ಮೇಲೆ ನನಗೆ ಖಚಿತವಾಗಿರುವ ಸಂಗತಿಯೆಂದರೆ, ಈ ಯಂತ್ರದ ಯೋಗ್ಯತೆಯನ್ನು ನಿರ್ಧರಿಸುವುದು ಪಂಪಿನ ಶಕ್ತಿಯಲ್ಲ, ಚೀಲ ಸೋರದಿರುವುದು. ಆದರೆ ಇದನ್ನು ಕಟ್ಟಲು ಹೊರಟವರು ಹಣವನ್ನೂ ಗಮನವನ್ನೂ ಹೆಚ್ಚಾಗಿ ಖರ್ಚು ಮಾಡುವುದು ಪಂಪಿನ ಮೇಲೆಯೇ.

ಈ ಭಾಗದಲ್ಲಿ ವೆನೀರ್ ಅಂಟಿಸಿದ ಹಲಗೆಯ ಮೇಲೆ ಶಹಾಬಾದ್ ಪರಸಿಗಳನ್ನು (ನೆಲಕ್ಕೆ ಹಾಸುವ ಚಪ್ಪಡಿ ಕಲ್ಲು) ಹೇರಿ ರಾತ್ರಿಯಿಡೀ ಬಿಡುವುದುಂಟು. ಎರಡು ಅಡಿ ಉದ್ದಗಲದ, ಒಂದಿಂಚು ದಪ್ಪದ ಪರಸಿ ಸುಮಾರು 25 ಕಿಲೋ ತೂಗುತ್ತದೆ. ಅಂದರೆ ಒಂದು ಚದರ ಅಡಿಗೆ ಬೀಳುವ ಭಾರ ಆರು ಕಿಲೋ ಮಾತ್ರ. ಚೀಲದೊಳಗಿನ ಒತ್ತಡ ಹೊರಗಿನದಕ್ಕಿಂತ ಎಷ್ಟು ಕಡಿಮೆ ಎಂದು ಪಾದರಸದ ಇಂಚುಗಳಲ್ಲಿ ತೋರಿಸುವ ನನ್ನ ಪ್ರೆಸ್ಸಿನ ಗೇಜು 22ರಲ್ಲಿರುವಾಗ ಅದೇ ಒಂದು ಚದರ ಅಡಿಯ ಮೇಲೆ ಹೆಚ್ಚುಕಡಿಮೆ 700 ಕಿಲೋ ಒತ್ತಡ ಬೀಳುತ್ತದೆ. ಕಲ್ಲಿನಿಂದಲೇ ಅಷ್ಟು ಭಾರ ಹೇರಬೇಕೆಂದರೆ ನೂರಕ್ಕೂ ಹೆಚ್ಚು ಪರಸಿಗಳನ್ನು ಒಂದರ ಮೇಲೊಂದು ಪೇರಿಸಬೇಕಾಗುತ್ತದೆ. ಸಹಾಯಕ್ಕೆ ಬಂದಿದ್ದ ಬಡಿಗರೊಬ್ಬರು ಚೀಲವನ್ನು ನೋಡಿ, "ಒಳಗಿನ ಗಾಳಿ ತಗದ್ರ ಒತ್ತೋದು ಏನ್ರೀ ಸರ?" ಎಂದು ಕೇಳಿದ್ದರು. ಒತ್ತುವುದು ಹೊರಗಿನ ಗಾಳಿ. ಒಳಗೆ ಅದಕ್ಕೆ ಎದುರು ನಿಲ್ಲುವ ಗಾಳಿ ತೀರ ಕಡಿಮೆ ಇರುವುದರಿಂದ ಅದರ ಭಾರ ಹಲಗೆಯ ಅಂಗುಲ ಅಂಗುಲಕ್ಕೂ ಒಂದೇ ಸಮನಾಗಿ ಬೀಳುತ್ತದೆ. ಕ್ಲಾಂಪುಗಳಿಂದ ಬಿಗಿದಾಗ ಅಂಚುಗಳಲ್ಲಿ ಗಟ್ಟಿಯಾಗಿ ಹಿಡಿದು ನಡುವೆ ಗುಳ್ಳೆ ಉಳಿಯುವ ತೊಂದರೆ ಇಲ್ಲಿಲ್ಲ.

ಫ್ರಿಜ್ಜಿನ ಕಂಪ್ರೆಸರ್ ಅಗ್ಗ, ಸದ್ದೂ ಕಡಿಮೆ, ಆದರೆ ಅದು ಗಾಳಿಯನ್ನು ಎಳೆಯುವುದು ಬಹಳ ನಿಧಾನ. ಆದ್ದರಿಂದ ಮೊದಲು ಮನೆಯ ವ್ಯಾಕ್ಯೂಮ್ ಕ್ಲೀನರಿನಿಂದ ಚೀಲದ ಬಹುಪಾಲು ಗಾಳಿಯನ್ನು ತೆಗೆದು, ಉಳಿದದ್ದನ್ನು ಕಂಪ್ರೆಸರಿಗೆ ಬಿಡುತ್ತೇನೆ. ಎರಡು ದೋಷಗಳನ್ನು ಮಾತ್ರ ಸಹಿಸಿಕೊಳ್ಳಲೇಬೇಕು. ಕಂಪ್ರೆಸರ್ ಗಾಳಿಯನ್ನು ಹೊರಬಿಡುವ ನಳಿಕೆಯಿಂದ ಎಣ್ಣೆಯ ಸಣ್ಣ ಹನಿಗಳು ಸಿಡಿಯುತ್ತವೆ. ಅಂಥ ಒಂದು ಹನಿ ವೆನೀರಿನ ಮೇಲೆ ಬಿದ್ದರೆ ಅಲ್ಲಿ ಪಾಲಿಶ್ ಹಿಡಿಯುವುದಿಲ್ಲವಾದ್ದರಿಂದ, ನಳಿಕೆಯನ್ನು ಹತ್ತಿ ತುಂಬಿದ ಬಾಟಲಿಗೆ ಇಳಿಸಿದ್ದೇನೆ. ಎರಡನೆಯದು, ಒಮ್ಮೆ ನಿಂತ ಕಂಪ್ರೆಸರ್ ತನ್ನ ಕೊಳವೆಯಲ್ಲಿ ನಿರ್ವಾತ ಉಳಿದಿದ್ದರೆ ಮತ್ತೆ ಹೊರಡಲಾರದೆ ಗುಂಯ್‌ಗುಟ್ಟಿ ಬಿಸಿಯಾಗುತ್ತದೆ. ನಿಂತೊಡನೆ ಆ ತುಂಡು ಕೊಳವೆಗೆ ಮಾತ್ರ ಗಾಳಿ ಬಿಡುವ, ವಿದ್ಯುತ್ತಿನಿಂದ ನಡೆಯುವ ಸೊಲೆನಾಯ್ಡ್ ವಾಲ್ವ್ ಹಾಕಿದ ಮೇಲೆ ಈ ಕಾಟ ಪೂರ್ತಿ ತಪ್ಪಿತು. ಅಂದಹಾಗೆ, ಹಳೆಯ ಫ್ರಿಜ್ಜಿನ ಗ್ಯಾಸನ್ನು ಮೆಕ್ಯಾನಿಕ್ಕಿನಿಂದಲೇ ತೆಗೆಸಬೇಕು. ಈಚಿನ ಫ್ರಿಜ್ಜುಗಳಲ್ಲಿರುವ ಆರ್600ಎ ಬೆಂಕಿ ಹೊತ್ತಿಕೊಳ್ಳುವ ಗ್ಯಾಸು.

ಆಗಾಗ ಕರೆಂಟ್ ಹೋಗುವ ಊರಿನಲ್ಲಿ ಗಾಳಿ ಚೀಲದತ್ತ ಮರಳದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್ ಮತ್ತು ನಿರ್ವಾತವನ್ನು ಕೂಡಿಡುವ ಪೈಪಿನ ತೊಟ್ಟಿ ಇಲ್ಲದೆ ಈ ಪ್ರೆಸ್ ನಡೆಯುವುದಿಲ್ಲ. ತೊಟ್ಟಿಗೆ ತೆಳುವಾದ ಡ್ರೇನೇಜ್ ಪೈಪ್ ಬೇಡ. ಚದರ ಸೆಂಟಿಮೀಟರಿಗೆ ಆರು ಕಿಲೋ ಒತ್ತಡ ತಡೆಯುವ 110 ಮಿಲಿಮೀಟರ್ ಪೈಪು ಕೃಷಿ ಪೈಪಿನ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ. ಗೇಜು 18ಕ್ಕೆ ಇಳಿದಾಗ ಕಂಪ್ರೆಸರನ್ನು ಓಡಿಸಿ 22ಕ್ಕೆ ನಿಲ್ಲಿಸುವಂತೆ ಸ್ವಿಚ್ಚನ್ನು ಹೊಂದಿಸಿದ್ದೇನೆ. ಸೋರಿಕೆ ಇಲ್ಲದಿದ್ದರೆ ಅದು ಅಪರೂಪಕ್ಕೊಮ್ಮೆ ಓಡುತ್ತದೆ, ಇದ್ದರೆ ಬಿಡುವಿಲ್ಲದೆ ಓಡಿ ಕಾದು ತಾನಾಗಿಯೇ ನಿಲ್ಲುತ್ತದೆ.

ನನ್ನ ಹೆಚ್ಚಿನ ಸಮಯವನ್ನು ತಿಂದದ್ದು ಚೀಲವೇ. ವ್ಯಾಕ್ಯೂಮ್ ಚೀಲವೆಂದು ಹೇಳಿ ಮಾರಾಟಗಾರರೊಬ್ಬರು ಕೊಟ್ಟ ತೆಳು ಹಾಳೆಯ ಚೀಲ, ವೆನೀರಿನ ಚೂಪು ಅಂಚು ತಾಗಿದಲ್ಲೆಲ್ಲ ಸಣ್ಣ ತೂತು ಬಿದ್ದು ಬೇಗನೆ ಕೆಟ್ಟಿತು. ಈಗಿನದು ಮುಕ್ಕಾಲು ಮಿಲಿಮೀಟರ್ ದಪ್ಪದ ಪಿವಿಸಿ ಹಾಳೆ. ಅದರ ಬಾಯಿಯನ್ನು ಸಣ್ಣ ಪೈಪಿನ ಸುತ್ತ ಸುತ್ತಿ, ಉದ್ದಕ್ಕೂ ಸೀಳಿದ ಇನ್ನೊಂದು ಪೈಪನ್ನು ಅದರ ಮೇಲೆ ಒತ್ತಿ ಕೂರಿಸುತ್ತೇನೆ. ಸುಕ್ಕು ಬೀಳದಂತೆ ನೋಡಿಕೊಂಡರೆ ಬೇರೆ ಯಾವ ಅಂಟೂ ಬೇಕಾಗುವುದಿಲ್ಲ. ಮಡಚಿಟ್ಟರೆ ಮಡಿಕೆಯಲ್ಲೇ ಬಿರುಕು ಬಿಡುವುದರಿಂದ ಚೀಲವನ್ನು ಸುರುಳಿ ಸುತ್ತಿ ನೇತುಹಾಕಬೇಕು. ಸೋರುವ ಜಾಗವನ್ನು ಹುಡುಕಲು ಸೋಪಿನ ನೀರಿನಿಂದ ಪ್ರಯೋಜನವಿಲ್ಲ, ಏಕೆಂದರೆ ಗುಳ್ಳೆ ಹೊರಗೆ ಬಾರದೆ ನೀರೇ ಒಳಗೆ ಹೋಗುತ್ತದೆ. ಫ್ಯಾನ್ ನಿಲ್ಲಿಸಿ, ಊದುಬತ್ತಿಯನ್ನು ಚೀಲಕ್ಕೆ ತಾಗದಂತೆ ಹೊಲಿಗೆಯ ಗುಂಟ ಸಾಗಿಸಿದರೆ ಸೋರುವಲ್ಲಿ ಹೊಗೆ ಎಳೆಯಾಗಿ ಒಳಕ್ಕೆ ಬಾಗುತ್ತದೆ. ಅಲ್ಲಿಗೆ ಅದೇ ಹಾಳೆಯ ತೇಪೆಯನ್ನು ಪೈಪಿನ ಸೊಲ್ಯೂಶನ್ನಿನಿಂದ ಅಂಟಿಸಿದರೆ ಸಾಕು.

ಇನ್ನು ಬೇಸಿಗೆಯ ಮಾತು. ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿರುವ ನಮ್ಮ ಊರಿನಲ್ಲಿ ಪಂಪು ಎಷ್ಟೇ ಎಳೆದರೂ ಗೇಜು 28 ಇಂಚಿನ ಆಸುಪಾಸಿನಲ್ಲೇ ನಿಲ್ಲುತ್ತದೆ. ಅಲ್ಲಿಯವರೆಗೆ ಎಳೆಯುವುದೂ ತರವಲ್ಲ. ಕೋಣೆಯ ಉಷ್ಣತೆ 40 ಡಿಗ್ರಿ ಇರುವಾಗ ಗೇಜು 26 ಇಂಚನ್ನು ದಾಟಿತೆಂದರೆ ಅಂಟಿನಲ್ಲಿರುವ ನೀರು ಕುದಿಯತೊಡಗಿ, ಅಂಟು ನೊರೆಯೆದ್ದು ವೆನೀರಿನ ರಂಧ್ರಗಳಿಂದ ಮೇಲೆ ಬರುತ್ತದೆ. ನಾನು 22ಕ್ಕೆ ನಿಲ್ಲಿಸುವುದು ಇದೇ ಕಾರಣಕ್ಕೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಹಚ್ಚಿದ ಬಿಳಿ ಅಂಟು ಚೀಲದೊಳಗೆ ಹೋಗುವ ಮೊದಲೇ ಒಣಗತೊಡಗುವುದರಿಂದ ಈ ಕೆಲಸವನ್ನು ಬೆಳಗಿನ ಜಾವಕ್ಕೇ ಇಟ್ಟುಕೊಳ್ಳುವುದು ಲೇಸು. ಬಾಗಿದ ಆಕಾರಗಳಿಗೆ ಬಿಳಿ ಅಂಟಿಗಿಂತ ಗಡುಸಾಗಿ ಗಟ್ಟಿಯಾಗುವ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟೇ ಮೇಲು, ಏಕೆಂದರೆ ಬಿಳಿ ಅಂಟು ಬಿಗುವಿನಲ್ಲಿ ನಿಧಾನವಾಗಿ ಜಾರುತ್ತದೆ. ಚೀಲದೊಳಗೆ ಗಾಳಿಯಾಡದ ಕಾರಣ ಅಂಟಿನ ತೇವದ ಬಹುಪಾಲನ್ನು ಮರವೇ ಹೀರಬೇಕು. ಹೀಗಾಗಿ ಹೊರತೆಗೆದ ಹಲಗೆಯ ಎರಡೂ ಮುಖಗಳಿಗೆ ಗಾಳಿ ತಾಗುವಂತೆ ನಿಲ್ಲಿಸದಿದ್ದರೆ, ಮತ್ತು ಹಿಂಬದಿಗೂ ವೆನೀರ್ ಹಾಕದಿದ್ದರೆ, ಅದು ಸೊಟ್ಟಗಾಗುತ್ತದೆ.

ಕಮಾನಿನಂಥ ಬಾಗಿದ ಕೆಲಸದಲ್ಲಿ ಈ ಪ್ರೆಸ್ಸಿಗೆ ಸಾಟಿಯಿಲ್ಲ. ಆದರೆ ಅಚ್ಚು ಒಳಗೆ ಟೊಳ್ಳಾಗಿರಬಾರದು: ಒಂದು ಚದರ ಮೀಟರಿಗೆ ಏಳೂವರೆ ಟನ್ನಿನಷ್ಟು ಒತ್ತಡ ಬೀಳುವಾಗ ಪೊಳ್ಳು ಪೆಟ್ಟಿಗೆ ಹಪ್ಪಳದಂತೆ ಮುರಿಯುತ್ತದೆ. ಎಂಡಿಎಫ್ ತುಂಡುಗಳನ್ನು ಪದರಪದರವಾಗಿ ಅಂಟಿಸಿ ಮಾಡಿದ ಗಟ್ಟಿ ಅಚ್ಚನ್ನೇ ಬಳಸಬೇಕು. ಚಪ್ಪಟೆ ಹಲಗೆಗಳಾದರೆ ಕೆಳಗಿಡುವ ಮಣೆಯಲ್ಲಿ ನಾಲ್ಕಿಂಚಿಗೊಂದರಂತೆ ಚೌಕಳಿ ಗೀರುಗಳಿರಬೇಕು, ಮೇಲೆ ಸೊಳ್ಳೆ ಪರದೆಯ ಪ್ಲಾಸ್ಟಿಕ್ ಜಾಲರಿ ಹಾಸಬೇಕು. ಇಲ್ಲದಿದ್ದರೆ ಚೀಲವೇ ಗಾಳಿ ಎಳೆಯುವ ನಳಿಕೆಯ ಬಾಯಿಗೆ ಅಂಟಿ, ಮೂಲೆಯಲ್ಲಿ ಸಿಕ್ಕಿಕೊಂಡ ಗಾಳಿ ಅಲ್ಲೇ ಉಳಿಯುತ್ತದೆ.

ದಿನಕ್ಕೆ ಹತ್ತಾರು ಬಾಗಿಲು ತಯಾರಿಸುವ ಕಾರ್ಖಾನೆಗೆ ಇದು ಹೇಳಿ ಮಾಡಿಸಿದ್ದಲ್ಲ; ಅಂಥವರಿಗೆ ಬಿಸಿ ಮಾಡಿ ಒತ್ತುವ ಹಾಟ್ ಪ್ರೆಸ್ಸೇ ಸರಿ. ವಾರಕ್ಕೊಂದೆರಡು ಹಲಗೆ ಮಾಡುವವರಿಗೆ ಮಾತ್ರ ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ. ನನ್ನ ಕಂಪ್ರೆಸರಿಗೆ ವಯಸ್ಸಾಗಿದೆ; ಅದು ಕೈಕೊಟ್ಟಾಗ ಎಸಿ ರಿಪೇರಿಯವರು ಬಳಸುವ ವ್ಯಾಕ್ಯೂಮ್ ಪಂಪನ್ನು ಹಾಕುವ ಯೋಚನೆಯಿದೆ. ಅದು ಗಾಳಿಯನ್ನು ಬೇಗ ಎಳೆಯುತ್ತದೆ, ಆದರೆ ಅಂಟಿನ ತೇವ ಅದರ ಎಣ್ಣೆಗೆ ಸೇರುವುದರಿಂದ ಎಣ್ಣೆ ಬಿಳಿಚಿಕೊಂಡಾಗಲೆಲ್ಲ ಬದಲಿಸುತ್ತಿರಬೇಕಾಗುತ್ತದೆ.