ಫ್ರೇಸಲ್ ವರ್ಬ್ ಕಲಿಸುವ ಕೇಂಬ್ರಿಜ್ ಪುಸ್ತಕ: ಎರಡು ತಿಂಗಳು ಬಳಸಿದ ಮೇಲೆ

ಕನ್ನಡ ಮಾಧ್ಯಮದಲ್ಲಿ ಓದಿ, ಮುಂದೆ ಇಂಗ್ಲಿಷಿನಲ್ಲಿಯೇ ಕೆಲಸ ಮಾಡಬೇಕಾಗಿ ಬಂದ ನನ್ನಂಥವರಿಗೆ ಒಂದು ವಿಚಿತ್ರ ತೊಂದರೆಯಿದೆ. ‘ಪೋಸ್ಟ್‌ಪೋನ್’, ‘ಟಾಲರೇಟ್’, ‘ಎಕ್ಸ್‌ಟಿಂಗ್ವಿಷ್’ ಎಂಬ ಭಾರವಾದ ಪದಗಳು ನಮಗೆ ಪರೀಕ್ಷೆಯ ಕಾಲದಿಂದಲೇ ಗೊತ್ತು. ಆದರೆ ಅದೇ ಅರ್ಥ ಕೊಡುವ ‘ಪುಟ್ ಆಫ್’, ‘ಪುಟ್ ಅಪ್ ವಿತ್’, ‘ಪುಟ್ ಔಟ್’ ಎಂಬ ಪುಟ್ಟ ಮಾತುಗಳು ಎದುರಾದಾಗ ತಡವರಿಸುತ್ತೇವೆ. ಹೀಗೆ ಕ್ರಿಯಾಪದಕ್ಕೆ ‘ಆಫ್’, ‘ಅಪ್’, ‘ಔಟ್’ನಂಥ ಬಾಲ ಸೇರಿ ಬೇರೆಯೇ ಅರ್ಥ ಕೊಡುವ ಜೋಡಿಗಳೇ ಫ್ರೇಸಲ್ ವರ್ಬ್‌ಗಳು. ‘ಪುಟ್’ ಎಂದರೆ ‘ಇಡು’ ಎಂದು ಬಾಯಿಪಾಠ ಮಾಡಿದವನು, ಸಭೆಯನ್ನು ಮುಂದೂಡುವುದಕ್ಕೂ ಬೆಂಕಿಯನ್ನು ಆರಿಸುವುದಕ್ಕೂ ಅದೇ ಪದ ಹೇಗೆ ಸಾಲುತ್ತದೆ ಎಂದು ಯೋಚಿಸುತ್ತ ಕೂರುತ್ತಾನೆ. ಹೀಗಾಗಿ ನಾವು ಆಡುವ ಇಂಗ್ಲಿಷ್ ವ್ಯಾಕರಣಬದ್ಧವಾಗಿದ್ದರೂ ಕಚೇರಿಯ ಸುತ್ತೋಲೆಯಂತೆ ಕೇಳಿಸುತ್ತದೆ.

ಈ ಕೊರತೆ ನೀಗಿಸಿಕೊಳ್ಳಲೆಂದು ನಾನು ಕೊಂಡದ್ದು ಮೈಕಲ್ ಮೆಕಾರ್ಥಿ ಮತ್ತು ಫೆಲಿಸಿಟಿ ಓಡೆಲ್ ಬರೆದಿರುವ ‘ಇಂಗ್ಲಿಷ್ ಫ್ರೇಸಲ್ ವರ್ಬ್ಸ್ ಇನ್ ಯೂಸ್’ ಎಂಬ ಅಭ್ಯಾಸಪುಸ್ತಕದ ಮಧ್ಯಮ ಹಂತದ ಸಂಪುಟ. ಕೇಂಬ್ರಿಜ್ ವಿಶ್ವವಿದ್ಯಾಲಯ ಮುದ್ರಣಾಲಯ ಇದನ್ನು ಮೊದಲು 2004ರಲ್ಲಿ ಹೊರತಂದಿತು. ಎರಡನೆಯ ಆವೃತ್ತಿ 2017ರದು. ಒಟ್ಟು 70 ಪಾಠಗಳಿದ್ದು, ಪ್ರತಿಯೊಂದೂ ಎದುರುಬದುರಿನ ಎರಡೇ ಪುಟಗಳಲ್ಲಿ ಮುಗಿಯುತ್ತದೆ: ಎಡಗಡೆ ವಿವರಣೆ, ಬಲಗಡೆ ಅಭ್ಯಾಸ. ಉತ್ತರಗಳು ಪುಸ್ತಕದ ಕೊನೆಯಲ್ಲಿವೆ. ದಿನಕ್ಕೊಂದು ಪಾಠ ಎಂದು ಲೆಕ್ಕ ಹಾಕಿ ಆರಂಭಿಸಿದ ನಾನು ಎರಡು ತಿಂಗಳಲ್ಲಿ 40ರ ಗಡಿ ದಾಟಿದ್ದೇನೆ. ತಪ್ಪು ನನ್ನ ಸೋಮಾರಿತನದ್ದು, ಪುಸ್ತಕದ್ದಲ್ಲ.

ಪುಸ್ತಕದ ಮುಖ್ಯ ಗುಣವೆಂದರೆ ಅದು ಪದವನ್ನು ವಾಕ್ಯದಿಂದ ಕಿತ್ತು ತೋರಿಸುವುದಿಲ್ಲ. ನಮ್ಮಲ್ಲಿ ಮಾರಾಟವಾಗುವ ಅನೇಕ ಕೈಪಿಡಿಗಳು ‘ಟೇಕ್ ಆಫ್’ ಎಂದರೆ ‘ಮೇಲಕ್ಕೆ ಹಾರು’ ಎಂದು ಬರೆದು ಮುಂದಿನ ಸಾಲಿಗೆ ಹೋಗಿಬಿಡುತ್ತವೆ. ಆದರೆ ವಿಮಾನವೂ ಟೇಕ್ ಆಫ್ ಆಗುತ್ತದೆ, ಮನೆಗೆ ಬಂದವರು ಕೋಟನ್ನೂ ಟೇಕ್ ಆಫ್ ಮಾಡುತ್ತಾರೆ, ಹೊಸ ವ್ಯಾಪಾರ ಕುದುರಿಕೊಂಡರೂ ಅದೇ ಮಾತು, ಕೆಲಸಕ್ಕೆ ಒಂದು ದಿನ ರಜೆ ಹಾಕಿದರೂ ಅದೇ ಮಾತು. ಯಾವುದು ಯಾವ ಅರ್ಥ ಎಂಬುದನ್ನು ಪಕ್ಕದಲ್ಲಿರುವ ವಿಮಾನ, ಕೋಟು, ವ್ಯಾಪಾರ, ದಿನ ಎಂಬ ಪದಗಳೇ ಹೇಳಬೇಕು. ವಾಕ್ಯವಿಲ್ಲದೆ ಫ್ರೇಸಲ್ ವರ್ಬ್‌ಗೆ ಅರ್ಥವೇ ಇಲ್ಲವೆಂಬುದನ್ನು ಈ ಪುಸ್ತಕ ಮೊದಲ ಕೆಲವು ಪಾಠಗಳಲ್ಲಿಯೇ ಮನಗಾಣಿಸುತ್ತದೆ.

ನನಗೆ ಹೆಚ್ಚು ಉಪಯೋಗವಾದದ್ದು ಕ್ರಿಯಾಪದಗಳ ಬದಲು ‘ಅಪ್’, ‘ಔಟ್’, ‘ಆಫ್’ ಮೊದಲಾದ ಬಾಲಗಳನ್ನೇ ಹಿಡಿದು ಸಾಗುವ ಪಾಠಗಳು. ‘ಈಟ್ ಅಪ್’, ‘ಡ್ರಿಂಕ್ ಅಪ್’, ‘ಯೂಸ್ ಅಪ್’ ಇವುಗಳಲ್ಲಿ ‘ಅಪ್’ ಎಂಬುದು ಮೇಲಕ್ಕೆ ಹೋಗುವುದನ್ನು ಹೇಳದೆ, ಏನೂ ಉಳಿಯದಂತೆ ಪೂರ್ತಿಯಾಗುವುದನ್ನು ಹೇಳುತ್ತದೆ. ಇದನ್ನು ಓದುವಾಗ ನನಗೆ ತಟ್ಟನೆ ಹೊಳೆದದ್ದು, ಈ ಕೆಲಸವನ್ನು ಕನ್ನಡದಲ್ಲಿ ‘ಬಿಡು’, ‘ಹಾಕು’, ‘ಹೋಗು’, ‘ಕೊಳ್ಳು’ ಎಂಬ ಸಹಾಯಕ ಕ್ರಿಯಾಪದಗಳು ದಿನವೂ ಮಾಡುತ್ತಿವೆ ಎಂಬುದು. ‘ತಿನ್ನು’ ಬೇರೆ, ‘ತಿಂದುಬಿಡು’ ಬೇರೆ, ‘ತಿಂದುಹಾಕು’ ಮತ್ತೂ ಬೇರೆ. ಸಕ್ಕರೆ ‘ತೀರಿತು’ ಎನ್ನುವುದಕ್ಕೂ ಹಿರಿಯರೊಬ್ಬರು ‘ತೀರಿಕೊಂಡರು’ ಎನ್ನುವುದಕ್ಕೂ ನಡುವೆ ಎಷ್ಟು ದೂರವಿದೆ! ‘ಕೊಳ್ಳು’ ಎಂಬ ಬಾಲ ಸೇರಿದರೆ ಅರ್ಥ ಹೀಗೇಕೆ ತಿರುಗುತ್ತದೆಂದು ಹೊರಗಿನವರು ಕೇಳಿದರೆ ನಾವು ವಿವರಿಸಲಾರೆವು. ಆದರೆ ಬಳಸುವಾಗ ಎಡವುವುದಿಲ್ಲ. ಇಡೀ ಪ್ರಪಂಚದ ಓದುಗರಿಗಾಗಿ ತಯಾರಾದ ಪುಸ್ತಕದಲ್ಲಿ ಇಂಥ ಹೋಲಿಕೆಯನ್ನು ನಿರೀಕ್ಷಿಸಲಾಗದು. ಹಾಗಾಗಿ ನನ್ನ ಪ್ರತಿಯ ಅಂಚಿನಲ್ಲಿ ಪೆನ್ಸಿಲಿನಿಂದ ಕನ್ನಡದ ಜೋಡಿಗಳನ್ನು ಬರೆದುಕೊಳ್ಳುತ್ತ ಹೋದೆ, ಮತ್ತು ಆ ಪುಟಗಳೇ ನೆನಪಿನಲ್ಲಿ ಉಳಿದಿವೆ.

ಹೋಲಿಕೆ ಕೈಕೊಡುವ ಜಾಗವೂ ಒಂದಿದೆ. ಇಂಗ್ಲಿಷಿನಲ್ಲಿ ದೀಪವನ್ನು ‘ಟರ್ನ್ ಆಫ್ ದ ಲೈಟ್’ ಎಂದೂ ಆರಿಸಬಹುದು, ‘ಟರ್ನ್ ದ ಲೈಟ್ ಆಫ್’ ಎಂದೂ ಆರಿಸಬಹುದು. ಆದರೆ ‘ಲೈಟ್’ ಬದಲು ‘ಇಟ್’ ಎಂಬ ಸರ್ವನಾಮ ಬಂದೊಡನೆ ಅದು ನಡುವೆಯೇ ಕೂರಬೇಕು, ‘ಟರ್ನ್ ಇಟ್ ಆಫ್’ ಎಂದೇ ಆಗಬೇಕು. ‘ಲುಕ್ ಆಫ್ಟರ್’ ಆದರೋ ನಡುವೆ ಯಾರನ್ನೂ ಬಿಟ್ಟುಕೊಳ್ಳುವುದಿಲ್ಲ. ಈ ನಿಯಮವನ್ನು ಪುಸ್ತಕ ಆರಂಭದಲ್ಲಿ ಚೊಕ್ಕವಾಗಿಯೇ ಹೇಳುತ್ತದೆ, ಆದರೆ ಕನ್ನಡದವರಿಗೆ ಅಷ್ಟು ಸಾಲದು. ಇಂಥ ಅಭ್ಯಾಸಗಳು ಇನ್ನೂ ಹತ್ತು ಪಟ್ಟು ಇದ್ದರೂ ನಾನು ಬೇಡವೆನ್ನುತ್ತಿರಲಿಲ್ಲ.

ನಮ್ಮ ಊರುಗಳ ಇಂಗ್ಲಿಷಿಗೂ ಈ ಪುಸ್ತಕದ ಬ್ರಿಟಿಷ್ ಇಂಗ್ಲಿಷಿಗೂ ಇರುವ ಅಂತರವನ್ನು ಓದುಗರೇ ತುಂಬಿಕೊಳ್ಳಬೇಕು. ನಾವು ಕನ್ನಡಕ್ಕೆ ತಂದುಕೊಳ್ಳುವಾಗ ‘ಟರ್ನ್’ ಅನ್ನು ಕೈಬಿಟ್ಟು ‘ಆಫ್’ ಅನ್ನು ಮಾತ್ರ ಉಳಿಸಿಕೊಂಡು ‘ಲೈಟ್ ಆಫ್ ಮಾಡು’ ಎಂದೆವು. ಮರಳಿ ಇಂಗ್ಲಿಷಿಗೆ ಹೋಗುವಾಗ ಬಿಟ್ಟದ್ದು ನೆನಪಾಗದೆ ‘ಆಫ್ ದ ಲೈಟ್’ ಎನ್ನುತ್ತೇವೆ. ‘ಮೇಕ್ ಅಪ್’ ಎಂಬುದಕ್ಕೆ ಕಥೆ ಕಟ್ಟುವುದು, ಜಗಳವಾಡಿದವರು ಮತ್ತೆ ಒಂದಾಗುವುದು ಎಂಬೆಲ್ಲ ಅರ್ಥಗಳಿದ್ದರೂ ನಮಗೆ ದಕ್ಕಿದ್ದು ಮುಖಕ್ಕೆ ಬಳಿದುಕೊಳ್ಳುವ ಮೇಕಪ್ ಒಂದೇ. ಕಾಲೇಜು ಮುಗಿಸಿದ್ದಕ್ಕೆ ನಾವು ‘ಪಾಸ್ ಔಟ್’ ಎನ್ನುತ್ತೇವೆ. ಬ್ರಿಟನ್ನಿನಲ್ಲಿ ಸೈನಿಕ ತರಬೇತಿಯ ವಿಷಯವಲ್ಲದೆ ಬೇರೆ ಕಡೆ ಹಾಗೆಂದರೆ ಪ್ರಜ್ಞೆ ತಪ್ಪಿ ಬಿದ್ದೆನೆಂದು ಅರ್ಥ. ‘ಕೋಪ್ ವಿತ್’ ನಡುವೆ ಒಂದು ‘ಅಪ್’ ಸೇರಿಸುವುದೂ ನಮ್ಮದೇ ಅಭ್ಯಾಸ. ಇವನ್ನೆಲ್ಲ ತಪ್ಪೆಂದು ಹೀಗಳೆಯುವ ಉತ್ಸಾಹ ನನಗಿಲ್ಲ. ಆದರೆ ಹೊರದೇಶದ ಸಂದರ್ಶನಕ್ಕೋ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಸಾಮರ್ಥ್ಯದ ಪರೀಕ್ಷೆಗೋ ಕೂರುವವರಿಗೆ ವ್ಯತ್ಯಾಸ ತಿಳಿದಿರಬೇಕು.

ಅಭ್ಯಾಸದ ಪುಟಗಳ ಬಗ್ಗೆ ನನ್ನದೊಂದು ತಕರಾರಿದೆ. ಉತ್ತರವಾಗಬೇಕಾದ ಪದ ಎಡಪುಟದಲ್ಲಿಯೇ ಕಣ್ಣಿಗೆ ಬೀಳುವುದರಿಂದ, ಬಿಟ್ಟ ಸ್ಥಳ ತುಂಬುವುದು ಹಲವು ಕಡೆ ಹುಡುಕಾಟವಾಗುತ್ತದೆಯೇ ಹೊರತು ನೆನಪಿನ ಪರೀಕ್ಷೆಯಾಗುವುದಿಲ್ಲ. ಎಡಪುಟವನ್ನು ಬೆಳಿಗ್ಗೆ ಓದಿ, ರಾತ್ರಿ ಅದರ ಮೇಲೊಂದು ಹಾಳೆ ಮುಚ್ಚಿ ಬಲಪುಟ ಬರೆಯತೊಡಗಿದ ಮೇಲೆ ನನ್ನ ಅಂಕಗಳು ಅರ್ಧಕ್ಕಿಳಿದವು, ಕಲಿಕೆ ಮಾತ್ರ ಗಟ್ಟಿಯಾಯಿತು.

ಪಿಯುಸಿ ಮಟ್ಟದ ಇಂಗ್ಲಿಷ್ ಓದಿ ಅರ್ಥಮಾಡಿಕೊಳ್ಳಬಲ್ಲವರು ಗುರುಗಳ ನೆರವಿಲ್ಲದೆ ಇದನ್ನು ಬಳಸಬಹುದು. ವಿವರಣೆಗಳೂ ಇಂಗ್ಲಿಷಿನಲ್ಲಿಯೇ ಇರುವುದರಿಂದ, ಈಗಷ್ಟೇ ಆರಂಭಿಸುವವರು ಸದ್ಯಕ್ಕೆ ಕೊಳ್ಳದಿರುವುದು ಒಳ್ಳೆಯದು. ಇದೇ ಲೇಖಕರ ಮುಂದಿನ ಹಂತದ ಸಂಪುಟವೂ ದೊರೆಯುತ್ತದೆ. ಎರಡನ್ನೂ ಒಟ್ಟಿಗೆ ತರಿಸಿಕೊಳ್ಳುವ ಅಗತ್ಯವಿಲ್ಲ, 70ನೆಯ ಪಾಠ ಮುಗಿದ ದಿನ ಯೋಚಿಸಿದರಾಯಿತು.