ದೇವದರ್ಶನದ ಗುಡಾರದ ಮರದ ಮಾದರಿ: ಅಳತೆ ಸರಿ, ಆದರೆ ಒಂದು ಹೋತ ಕಡಿಮೆ

ಸಾಗರದ ಒಂದು ಮರಗೆಲಸದ ಅಂಗಡಿಯವರು ಸಂಡೆ ಸ್ಕೂಲಿಗೆಂದು ದೇವದರ್ಶನದ ಗುಡಾರದ (ಮೋಶೆಯ ಕಾಲದಲ್ಲಿ ಇಸ್ರಾಯೇಲ್ಯರು ಅರಣ್ಯದಲ್ಲಿ ಹೊತ್ತೊಯ್ಯುತ್ತಿದ್ದ ಆರಾಧನೆಯ ಗುಡಾರ) ಬಿಡಿಭಾಗಗಳ ಸೆಟ್ ಮಾಡಿ ಮಾರುತ್ತಿದ್ದಾರೆ. ಬೆಲೆ 3,800 ರೂಪಾಯಿ. ಈಸ್ಟರಿಗೆ ಮುಂಚಿನ ಲೆಂಟ್ ಕಾಲದ ಪಾಠಕ್ಕೋ ಬೇಸಿಗೆ ರಜೆಯ ಬೈಬಲ್ ಶಾಲೆಯಾದ ವಿಬಿಎಸ್‌ಗೋ ಇದನ್ನು ಕೊಳ್ಳಬಹುದೇ ಎಂದು ಶಿವಮೊಗ್ಗ, ತೀರ್ಥಹಳ್ಳಿ, ಹೊಸನಗರ ಕಡೆಯ ಸಭೆಗಳವರು ಕೇಳುತ್ತಿದ್ದಾರೆ. ಕೊಳ್ಳಿ. ಬೈಬಲಿನ ಯಾಜಕಕಾಂಡದ 16ನೇ ಅಧ್ಯಾಯವನ್ನೂ ಇಬ್ರಿಯರಿಗೆ ಬರೆದ ಪತ್ರಿಕೆಯ 9, 10ನೇ ಅಧ್ಯಾಯಗಳನ್ನೂ ಕಲಿಸಲು ಗೋಡೆಗೆ ತೂಗುಹಾಕುವ ಚಿತ್ರಪಟಕ್ಕಿಂತ ಇದು ಎಷ್ಟೋ ವಾಸಿ. ಆದರೆ ತಂದದ್ದನ್ನು ತಂದ ಹಾಗೇ ಬಳಸಿದರೆ ದೋಷಪರಿಹಾರದ, ಅಂದರೆ ಪಾಪ ನಿವಾರಣೆಯ, ಪಾಠದಲ್ಲಿ ಅರ್ಧ ಕೈಬಿಟ್ಟುಹೋಗುತ್ತದೆ.

ಮೊದಲು ಅಳತೆ, ಈ ಸೆಟ್ಟಿನ ಬಲ ಇರುವುದೇ ಅಲ್ಲಿ. ಒಂದು ಮೊಳಕ್ಕೆ ಒಂದು ಸೆಂಟಿಮೀಟರ್ ಲೆಕ್ಕ. ವಿಮೋಚನಕಾಂಡ 27ರಲ್ಲಿ ಬರುವ 100 ಮೊಳ ಉದ್ದ, 50 ಮೊಳ ಅಗಲದ ಅಂಗಳ ಒಂದು ಮೀಟರ್ ಉದ್ದ, ಅರ್ಧ ಮೀಟರ್ ಅಗಲದ ಪ್ಲೈವುಡ್ ಮೇಲೆ ಕೂರುತ್ತದೆ. ಪ್ಲೈವುಡ್ ನಡುವೆ ಕೀಲು ಇದೆ, ಮಡಚಿದರೆ ಬಸ್ಸಿನಲ್ಲಿ ಒಯ್ಯಬಹುದು. ಗುಡಾರ 30 ಸೆಂ.ಮೀ. ಉದ್ದ, 10 ಅಗಲ, 10 ಎತ್ತರ. ಗೋಡೆಗೆ ಸಿಲ್ವರ್ ಓಕ್‌ನ 48 ಹಲಗೆ: ತೆಂಕಣಕ್ಕೆ 20, ಬಡಗಣಕ್ಕೆ 20, ಪಡುವಣಕ್ಕೆ 6, ಮೂಲೆಗಳಿಗೆ 2. ಒಂದೊಂದು ಹಲಗೆಯಡಿ ಬೆಳ್ಳಿ ಬಣ್ಣದ ಎರಡೆರಡು ಗದ್ದಿಗೆಕಲ್ಲು, ಒಳಕೋಣೆಯನ್ನು ಮರೆಮಾಡುವ ತೆರೆಯ ನಾಲ್ಕು ಕಂಬಗಳಡಿ ಒಂದೊಂದು. ಎಣಿಸಿದರೆ ಸರಿಯಾಗಿ ನೂರು. ಮಾಡಿದವರು ವಚನ ಓದಿಕೊಂಡೇ ಕೆಲಸಕ್ಕೆ ಕೂತಿದ್ದಾರೆ.

ಒಳಹೊದಿಕೆ ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. 28 ಮೊಳ ಉದ್ದ, 4 ಮೊಳ ಅಗಲದ ಹತ್ತು ಪರದೆಗಳನ್ನು ಐದೈದಾಗಿ ಜೋಡಿಸಿ, ಆ ಎರಡು ಭಾಗಗಳನ್ನು 50 ಚಿನ್ನದ ಕೊಂಡಿಗಳಿಂದ ಕೂಡಿಸಬೇಕು ಎನ್ನುತ್ತದೆ 26ನೇ ಅಧ್ಯಾಯ. ಇಲ್ಲಿ ಕೊಂಡಿಗಳ ಬದಲು ಹಳದಿ ನೂಲಿನ ಹೊಲಿಗೆ ಹಾಕಿದ್ದಾರೆ. ಬಟ್ಟೆಯ ಮುಂದಿನ ಅಂಚನ್ನು ಬಾಗಿಲಿನ ನೇರಕ್ಕಿಟ್ಟು ಹಿಂದಕ್ಕೆ ಹಾಸಿದರೆ ಹೊಲಿಗೆ 20 ಸೆಂ.ಮೀ. ದೂರದಲ್ಲಿ, ಸರಿಯಾಗಿ ತೆರೆಯ ಮೇಲೆ ಬಂದು ಕೂರುತ್ತದೆ. ತೆರೆಯನ್ನು ಕೊಂಡಿಗಳ ಕೆಳಗೇ ತೂಗುಹಾಕಬೇಕೆಂಬ 33ನೇ ವಚನಕ್ಕೆ ಒಂದಿಷ್ಟೂ ವ್ಯತ್ಯಾಸವಿಲ್ಲ. ಉಳಿದ 20ರಲ್ಲಿ 10 ತೆರೆಯಾಚೆಯ ಒಳಕೋಣೆಯಾದ ಮಹಾಪರಿಶುದ್ಧ ಸ್ಥಳವನ್ನು ಮುಚ್ಚುತ್ತದೆ, 10 ಹಿಂಗೋಡೆಯ ಮೇಲೆ ಇಳಿಬೀಳುತ್ತದೆ. ಈ ಹೊಲಿಗೆ ಪಾಠದಲ್ಲೂ ಉಪಯೋಗಕ್ಕೆ ಬರುತ್ತದೆ, ಮುಂದೆ ಹೇಳುತ್ತೇನೆ.

ಜೋಡಿಸುವವರು ಎಡವುವುದು ಅಂಗಳದ ಸುತ್ತಲಿನ ಅರವತ್ತು ಕಂಬಗಳಲ್ಲಿ. ಪ್ಲೈವುಡ್ ಮೇಲೆ ತೂತು ಕೊರೆದಿಲ್ಲ, ಪೆನ್ಸಿಲಿನ ಗುರುತೂ ಇಲ್ಲ. 20, 20, 10, 10 ಎಂದು ಒಂದೊಂದು ಬದಿಯನ್ನೂ ಎರಡು ಮೂಲೆ ಸೇರಿಸಿ ಎಣಿಸುತ್ತ ಹೋದರೆ ಮೂಲೆಯ ಕಂಬಗಳು ಎರಡೆರಡು ಸಲ ಲೆಕ್ಕಕ್ಕೆ ಬಂದು ಕೊನೆಗೆ ನಾಲ್ಕು ಕಂಬ ಕೈಯಲ್ಲೇ ಉಳಿಯುತ್ತವೆ, ಅಂತರವೂ ಕೆಡುತ್ತದೆ. ಆಗ್ನೇಯ ಮೂಲೆಯಲ್ಲಿ ಮೊದಲನೆಯದನ್ನು ನೆಟ್ಟು 5 ಸೆಂ.ಮೀ.ಗೊಂದರಂತೆ ಒಂದು ಸುತ್ತು ಬನ್ನಿ. ಸುತ್ತಳತೆ 300 ಸೆಂ.ಮೀ., ಹಾಗಾಗಿ ಅರವತ್ತೂ ಸರಿಹೊಂದುತ್ತವೆ. ಮೂಡಣದಲ್ಲಿ ನಡುವಿನ 20 ಸೆಂ.ಮೀ. ಬಾಗಿಲಿಗೆ, ಅದರ ಎರಡು ಪಕ್ಕಕ್ಕೆ 15–15ರ ತೆರೆ.

ಸಾಮಾನುಗಳಲ್ಲಿ ಎರಡು ತಪ್ಪುಗಳಿವೆ. ಯಜ್ಞವೇದಿಗೆ ಮೂರು ಮೆಟ್ಟಿಲು ಅಂಟಿಸಿದ್ದಾರೆ. ನೋಡಲು ಚೆಂದವೇ, ಆದರೆ ವೇದಿಗೆ ಮೆಟ್ಟಿಲು ಹತ್ತಿ ಹೋಗಬಾರದೆಂಬುದು ವಿಮೋಚನಕಾಂಡ 20:26ರ ಅಪ್ಪಣೆ. ಬ್ಲೇಡಿನಿಂದ ನಿಧಾನವಾಗಿ ಎಬ್ಬಿಸಿ ತೆಗೆದುಹಾಕಿ. ಒಡಂಬಡಿಕೆಯ ಪೆಟ್ಟಿಗೆಯಾದ ಮಂಜೂಷದ ಕೋಲುಗಳು ಎಳೆದರೆ ಈಚೆ ಬರುತ್ತವೆ. ಅವನ್ನು ಬಳೆಗಳಿಂದ ತೆಗೆಯಕೂಡದು ಎನ್ನುತ್ತದೆ 25:15. ಒಂದು ಹನಿ ಅಂಟು ಹಾಕಿ ಕೂರಿಸಿಬಿಡಿ. ಎರಡೂವರೆ ಸೆಂಟಿಮೀಟರಿನ ಮಂಜೂಷ ಹಿಂದಿನ ಬೆಂಚಿಗೆ ಕಾಣುವುದಿಲ್ಲವೆಂದು ಆರು ಪಟ್ಟು ದೊಡ್ಡದೊಂದನ್ನು ಬೇರೆಯಾಗಿ ಕೊಟ್ಟಿರುವುದು ಮೆಚ್ಚುವಂಥದ್ದು. ಅದರ ಮುಚ್ಚಳವೇ ಕೃಪಾಸನ, ಮೇಲೆ ಎದುರುಬದುರಾಗಿ ರೆಕ್ಕೆಯುಳ್ಳ ಕೆರೂಬಿ ದೂತರು. ಧೂಪವೇದಿಯನ್ನು ತೆರೆಯ ಮುಂದೆ ಇಟ್ಟಿದ್ದಾರೆ, ವಿಮೋಚನಕಾಂಡ 30:6ರಂತೆ ಅದು ಸರಿ. ಇಬ್ರಿಯ 9:4 ಅದನ್ನು ಒಳಗಿನ ಸ್ಥಳದೊಂದಿಗೆ ಸೇರಿಸಿ ಹೇಳುವುದರಿಂದ ದೊಡ್ಡ ಮಕ್ಕಳು ಪ್ರಶ್ನೆ ಕೇಳಿಯೇ ಕೇಳುತ್ತಾರೆ, ತಯಾರಾಗಿರಿ.

ಈಗ ಮುಖ್ಯ ಮಾತು. ಸೆಟ್ಟಿನಲ್ಲಿರುವ ಪ್ರಾಣಿಗಳು ಮೂರೇ: ಒಂದು ಹೋರಿ, ಒಂದು ಕುರಿಮರಿ, ಒಂದು ಹೋತ. ವರ್ಷಕ್ಕೊಮ್ಮೆ ಜನರ ಪಾಪಗಳಿಗೆ ಪರಿಹಾರ ಮಾಡುವ ದೋಷಪರಿಹಾರಕ ದಿನಕ್ಕೆ ಇದು ಸಾಲದು. ಏಳನೇ ತಿಂಗಳಿನ ಹತ್ತನೇ ದಿನ ಮಹಾಯಾಜಕ ಆರೋನನು ತನಗಾಗಿ ಒಂದು ಹೋರಿ, ಒಂದು ಟಗರನ್ನು ತರಬೇಕು. ಜನರಿಗಾಗಿ ಎರಡು ಹೋತ, ಒಂದು ಟಗರು. ಹೋತಗಳ ಮೇಲೆ ಚೀಟು ಹಾಕಿ ಒಂದನ್ನು ಯೆಹೋವನಿಗೆ, ಇನ್ನೊಂದನ್ನು ಅಜಾಜೇಲನಿಗೆ (ಅಂದರೆ ಅರಣ್ಯಕ್ಕೆ ಬಿಡಲು) ಎಂದು ನಿರ್ಣಯಿಸುತ್ತಾರೆ. ಮೊದಲನೆಯದನ್ನು ವಧಿಸಿ ಅದರ ರಕ್ತವನ್ನು ತೆರೆಯೊಳಗೆ ತರುತ್ತಾರೆ. ಎರಡನೆಯದರ ತಲೆಯ ಮೇಲೆ ಮಹಾಯಾಜಕ ಎರಡೂ ಕೈಗಳನ್ನಿಟ್ಟು ಜನರ ಪಾಪಗಳನ್ನೆಲ್ಲ ಅರಿಕೆಮಾಡಿ, ಜೀವಸಹಿತ ಅದನ್ನು ಅರಣ್ಯಕ್ಕೆ ಬಿಡಿಸುತ್ತಾನೆ. ಒಂದೇ ಹೋತ ಇಟ್ಟುಕೊಂಡು ಕಲಿಸಿದರೆ ಪಾಪಕ್ಕೆ ಪ್ರಾಣ ತೆತ್ತದ್ದು ಕಾಣುತ್ತದೆ, ಪಾಪ ಹೊತ್ತು ಕಣ್ಮರೆಯಾದದ್ದು ಕಾಣುವುದಿಲ್ಲ. ಯೆಶಾಯನ 53ನೇ ಅಧ್ಯಾಯ ಇವೆರಡನ್ನೂ ಒಬ್ಬನ ಮೇಲೆಯೇ ಹೊರಿಸುತ್ತದೆ: 7ನೇ ವಚನದಲ್ಲಿ ವಧೆಗೆ ಒಯ್ಯುವ ಕುರಿಮರಿ, 6 ಮತ್ತು 12ರಲ್ಲಿ ಎಲ್ಲರ ಪಾಪವನ್ನು ಹೊತ್ತವನು, 10ರಲ್ಲಿ ಪ್ರಾಯಶ್ಚಿತ್ತಯಜ್ಞವಾದವನು. ಶಿಲುಬೆಯ ಬಳಿಗೆ ಮಕ್ಕಳನ್ನು ಕರೆದೊಯ್ಯುವ ದಾರಿ ಇದು, ಇದನ್ನು ಮೊಟಕು ಮಾಡಬಾರದು. ಆರ್ಡರ್ ಕೊಡುವಾಗಲೇ ಇನ್ನೊಂದು ಹೋತ, ಎರಡು ಟಗರು ಕೇಳಿ ಕೆತ್ತಿಸಿ. ಎರಡು ಹೋತಗಳೂ ರೂಪದಲ್ಲಿ, ಎತ್ತರದಲ್ಲಿ, ಬೆಲೆಯಲ್ಲಿ ಸಮವಾಗಿರಬೇಕೆಂದು ಯೆಹೂದ್ಯರ ಧರ್ಮನಿಯಮಗಳ ಸಂಗ್ರಹವಾದ ಮಿಷ್ನಾದಲ್ಲಿದೆ, ಆದ್ದರಿಂದ ಒಂದೇ ಅಚ್ಚಿನಿಂದ ಮಾಡಿಕೊಡಲು ಹೇಳಿ.

ಯಾಜಕನ ಗೊಂಬೆಗೆ ಎದೆಪದಕ, ಚಿನ್ನದ ಪಟ್ಟಿ ಎಲ್ಲ ಬಳಿದಿದ್ದಾರೆ. ಆ ದಿನ ತೆರೆಯೊಳಗೆ ಹೋಗುವಾಗ ಅವನ ಮೈಮೇಲೆ ಇರಬೇಕಾದದ್ದು ಬರೀ ನಾರುಬಟ್ಟೆ. ಬಿಳಿ ಪಂಚೆಯ ಚೂರೊಂದನ್ನು ಹೊದಿಸಿದರೆ ಸಾಕು, ಹೊಸ ಗೊಂಬೆ ಬೇಡ. ತೆರೆಯನ್ನು ನಾಲ್ಕೂ ಕಂಬಕ್ಕೆ ಅಂಟಿಸಿಬಿಟ್ಟಿರುವುದು ಇನ್ನೊಂದು ತೊಡಕು, ಗೊಂಬೆ ಒಳಗೆ ಹೋಗುವುದೇ ಇಲ್ಲ. ಬಡಗಣ ಬದಿಯ ಅಂಚನ್ನು ಬಿಡಿಸಿ ಸಡಿಲ ಮಾಡಿಕೊಳ್ಳಿ.

ಪಾಠ ಮಾಡುವಾಗ ಹೊದಿಕೆಯನ್ನು ಮೊದಲೇ ಎತ್ತಬೇಡಿ. ಬಾಗಿಲಿನಿಂದ ಶುರುಮಾಡಿ: ಯಜ್ಞವೇದಿ, ಆಮೇಲೆ ತಾಮ್ರದ ಗಂಗಾಳ, ಆಮೇಲೆ ಗುಡಾರ. ಈಗ ಹೊದಿಕೆಯ ಮುಂಭಾಗವನ್ನು ಹಳದಿ ಹೊಲಿಗೆಯವರೆಗೆ ಮಾತ್ರ ಮಡಚಿ. ದೀಪಸ್ತಂಭ, ಹನ್ನೆರಡು ರೊಟ್ಟಿಗಳ ಮೇಜು, ಧೂಪವೇದಿ ಕಾಣುತ್ತವೆ, ಅದರಾಚೆ ಕಾಣುವುದಿಲ್ಲ. ಗರ್ಭಗುಡಿಯ ಹೊಸ್ತಿಲು ಯಾರು ದಾಟುತ್ತಾರೆ, ಯಾರು ದಾಟುವುದಿಲ್ಲ ಎಂಬುದನ್ನು ಊರ ದೇವಸ್ಥಾನಗಳಲ್ಲಿ ಕಂಡ ನಮ್ಮ ಮಲೆನಾಡಿನ ಮಕ್ಕಳಿಗೆ, ತೆರೆಯೊಳಗೆ ಮಹಾಯಾಜಕನೊಬ್ಬನೇ ಹೋಗಬೇಕೆಂಬ ಈ ಕಟ್ಟಳೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಅನಂತರ ಅಧ್ಯಾಯದ ಕ್ರಮ ತಪ್ಪದಂತೆ ಗೊಂಬೆಯನ್ನು ನಡೆಸಿ. ಮೊದಲು ಕೆಂಡ, ಎರಡು ಬೊಗಸೆ ಧೂಪದೊಂದಿಗೆ ಒಳಗೆ. ಹೊಗೆ ಕೃಪಾಸನವನ್ನು ಮುಚ್ಚಬೇಕು. ಮುಂದೆ ಹೋರಿಯ ರಕ್ತ, ತನ್ನ ಪಾಪಕ್ಕಾಗಿ. ಆಮೇಲೆ ಹೋತದ ರಕ್ತ, ಜನರ ಪಾಪಕ್ಕಾಗಿ. ಎರಡು ಸಲವೂ ಕೃಪಾಸನದ ಮೂಡಣ ಮಗ್ಗುಲಿಗೆ, ಅದರ ಮುಂದೆ ಏಳು ಸಾರಿ. ಹೊರಗೆ ಬಂದು ವೇದಿಯ ಮೂಲೆಗಳಲ್ಲಿನ ಕೊಂಬುಗಳಿಗೆ ಎರಡರ ರಕ್ತವನ್ನೂ ಹಚ್ಚುವುದು. ಇಷ್ಟಾದ ಮೇಲೆಯೇ ಜೀವಂತ ಹೋತ. ಇದನ್ನು ಮೊದಲೇ ಕಳುಹಿಸಿಬಿಡುವ ತಪ್ಪು ಬಹಳ ಕಡೆ ಆಗುತ್ತದೆ. ಹಾಗಾದರೆ ರಕ್ತ ಏಕೆ ಬೇಕಾಯಿತೆಂದು ಮಕ್ಕಳಿಗೆ ತಿಳಿಯುವುದಿಲ್ಲ. ಹೋರಿಯ, ಹೋತದ ದೇಹಗಳನ್ನು ಪಾಳೆಯದ ಹೊರಗೆ ಸುಡಬೇಕು. ಸೆಟ್ಟಿನ ಹಲಗೆ ಅಂಗಳಕ್ಕೇ ಮುಗಿಯುವುದರಿಂದ ಪಕ್ಕದಲ್ಲಿ ಕಂದು ಕಾಗದವೊಂದನ್ನು ಹಾಸಿಕೊಳ್ಳಿ. ಯೇಸು ಊರಬಾಗಿಲಿನ ಹೊರಗೆ ಸತ್ತದ್ದನ್ನು ಇಬ್ರಿಯ 13:11–12 ಇದಕ್ಕೇ ಜೋಡಿಸುತ್ತದೆ.

ಇಬ್ರಿಯ 9ಕ್ಕೆ ಬಂದಾಗ ಹೊದಿಕೆಯನ್ನು ಪೂರಾ ಎತ್ತಿ. ಒಳಗೆಲ್ಲೂ ಕುರ್ಚಿ ಇಲ್ಲ ಎಂಬುದನ್ನು ಮಕ್ಕಳೇ ಹುಡುಕಿ ಹೇಳಲಿ. ಯಾಜಕನು ದಿನಾಲೂ ನಿಂತೇ ಸೇವೆ ಮಾಡುತ್ತಾನೆ, ಕ್ರಿಸ್ತನು ಒಂದೇ ಯಜ್ಞ ಅರ್ಪಿಸಿ ದೇವರ ಬಲಗಡೆ ಕುಳಿತನು ಎನ್ನುವ 10:11–12 ಆಗ ತಾನಾಗಿ ಮನಸ್ಸಿಗೆ ಇಳಿಯುತ್ತದೆ. ಹೋರಿಹೋತಗಳ ರಕ್ತದಿಂದ ಪಾಪ ಪರಿಹಾರವಾಗದು ಎಂಬ 10:4ನ್ನೂ ಅಲ್ಲೇ ಓದಿಸಿ.

ಜೊತೆಗೆ ಬರುವ ಕಾರ್ಡುಗಳ ಬಗ್ಗೆ ಎಚ್ಚರವಿರಲಿ. ಹೊಸ ಒಡಂಬಡಿಕೆಯ ಪ್ರವಾದನೆಗೆ ಯೆರೆಮೀಯ 31, ಮಹಾಯಾಜಕತ್ವಕ್ಕೆ ಕೀರ್ತನೆ 110, "ಯಜ್ಞವೂ ಕಾಣಿಕೆಯೂ ನಿನಗೆ ಇಷ್ಟವಿಲ್ಲ" ಎನ್ನಲು ಕೀರ್ತನೆ 40 ಕೊಟ್ಟಿದ್ದಾರೆ; ಮೂರನ್ನೂ ಇಬ್ರಿಯ ಪತ್ರಿಕೆಯೇ ಎತ್ತಿಕೊಂಡಿದೆ, ಚೆನ್ನಾಗಿದೆ. ಆದರೆ ಒಂದೊಂದು ಗೂಟಕ್ಕೂ ಬಣ್ಣಕ್ಕೂ ಒಂದೊಂದು ಗೂಢಾರ್ಥ ಅಂಟಿಸಿರುವ ಕಾರ್ಡುಗಳನ್ನು ಬದಿಗಿಡಿ. ಇವನ್ನೆಲ್ಲ ಈಗ ಒಂದೊಂದಾಗಿ ವಿವರಿಸಲಾಗದು ಎಂದು 9:5ರಲ್ಲಿ ಆ ಪತ್ರಿಕೆ ಬರೆದವರೇ ಕೈಬಿಟ್ಟಿರುವಾಗ ನಾವು ಕಟ್ಟಿ ಹೇಳುವುದು ತರವಲ್ಲ. ಯೇಸು ಸತ್ತಾಗ ತೆರೆ ಹರಿದದ್ದನ್ನು ತೋರಿಸುವ ಕಾರ್ಡಿನಲ್ಲಿ ಈ ಗುಡಾರದ ಚಿತ್ರವನ್ನೇ ಹಾಕಿದ್ದಾರೆ. ಮತ್ತಾಯ 27:51ರಲ್ಲಿ ಮೇಲಿಂದ ಕೆಳಗಿನ ತನಕ ಹರಿದದ್ದು ಯೆರೂಸಲೇಮಿನ ದೇವಾಲಯದ ತೆರೆ. ಆಗ ಅಲ್ಲಿ ಮಂಜೂಷವೂ ಇರಲಿಲ್ಲ.

ನಮ್ಮ ಮಳೆಗೆ ಈ ಸೆಟ್ ಸುಮ್ಮನೆ ತಡೆಯುವಂಥದ್ದಲ್ಲ. ಪ್ಲೈವುಡ್ಡಿನ ಅಂಚುಗಳಿಗೆ ಬಣ್ಣ ಹಚ್ಚಿಲ್ಲ, ಜುಲೈಗೆ ಪದರ ಬಿಟ್ಟು ಉಬ್ಬುತ್ತದೆ. ಕೊಂಡ ಕೂಡಲೇ ಎರಡು ಕೋಟ್ ವಾರ್ನಿಷ್ ಬಳಿಯಿರಿ, ಕೆಳಮೈಗೂ. ಬಟ್ಟೆಗೆ ಬೂಸ್ಟು ಹಿಡಿಯದಂತೆ ಮರದ ಭಾಗಗಳಿಂದ ಬೇರೆಯಾಗಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಪೊಟ್ಟಣದೊಂದಿಗೆ ಇಡಿ. ಅಂಟಿಸುವ ಕೆಲಸವನ್ನೆಲ್ಲ ಮೇ ಮುಗಿಯುವುದರೊಳಗೆ ಮಾಡಿಕೊಳ್ಳುವುದು ಲೇಸು. ಮಳೆಗಾಲದ ಥಂಡಿಯಲ್ಲಿ ಮರದ ಬಿಳಿ ಅಂಟು ಒಂದು ಹಗಲು ಒಂದು ರಾತ್ರಿ ಕಳೆದರೂ ಪೂರಾ ಹಿಡಿಯುವುದಿಲ್ಲ, ಹಲಗೆಗಳು ವಾಲುತ್ತವೆ. ಗದ್ದಿಗೆಕಲ್ಲುಗಳನ್ನು ಹತ್ತಾದರೂ ಹೆಚ್ಚಿಗೆ ಕೇಳಿ ಪಡೆಯಿರಿ, ಮಕ್ಕಳ ಕೈಯಲ್ಲಿ ಮೊದಲು ಕಳೆದುಹೋಗುವುದು ಅವೇ.