ಸ್ತನಗಳ ಗಾತ್ರ ಬೇರೆ ಬೇರೆ: ಪ್ಯಾಡ್ ಸಾಕಾ, ಆಪರೇಷನ್ ಬೇಕಾ?

ಎರಡೂ ಸ್ತನಗಳು ಒಂದೇ ಸಮ ಇರುವವರು ಕಡಿಮೆ. ಹರೆಯದಲ್ಲಿ ಒಂದು ಮೊದಲು ಬೆಳೆದು ಇನ್ನೊಂದು ಹಿಂದೆ ಬೀಳುವುದೂ ಸಾಮಾನ್ಯ. ಹದಿನೈದರ ಹುಡುಗಿಗೆ ಸುಮ್ನೆ ಆಪರೇಷನ್ ಮಾತು ತೆಗೆಯಬೇಡಿ.

ನನ್ನ ಓಟು ಮೊದಲು ಪ್ಯಾಡಿಗೆ. ಪ್ಯಾಡ್ ತೆಗೆಯಲು ಬರುವ ಬ್ರಾ ಕೊಳ್ಳಿ. ಅಳತೆ ದೊಡ್ಡ ಕಡೆಯದ್ದೇ ಇರಲಿ. ಆ ಕಡೆಯ ಪ್ಯಾಡ್ ತೆಗೆದು, ಚಿಕ್ಕ ಕಡೆಯದ್ದನ್ನು ಮಾತ್ರ ಬಿಡಿ. ಚಿಕ್ಕ ಕಡೆಯ ಅಳತೆಗೆ ಕೊಂಡರೆ ಇನ್ನೊಂದು ಕಡೆ ಬ್ರಾ ಕಪ್‌ನ ಅಂಚು ಒತ್ತಿ, ರವಿಕೆ ಮೇಲೆ ಗೆರೆ ಎದ್ದು ಕಾಣುತ್ತದೆ. ಕಾರವಾರದ ಸೆಖೆಗೆ ಸಿಲಿಕಾನ್‌ಗಿಂತ ಬಟ್ಟೆ ಪ್ಯಾಡೇ ವಾಸಿ. ಶಿರಸಿಯ ಮಳೆಗಾಲದಲ್ಲಿ ಅದು ಒಣಗುವುದೇ ಕಷ್ಟ ಅಲ್ವಾ, ಎರಡು ಜೊತೆ ಇಟ್ಟುಕೊಳ್ಳಿ.

ಆಪರೇಷನ್‌ನಲ್ಲಿ ದೊಡ್ಡದನ್ನು ಚಿಕ್ಕದು ಮಾಡುತ್ತಾರೆ, ಇಲ್ಲವೇ ಚಿಕ್ಕದಕ್ಕೆ ಇಂಪ್ಲಾಂಟ್ (ಒಳಗೆ ಕೂರಿಸುವ ಕೃತಕ ಚೀಲ) ಅಥವಾ ಮೈಯ ಕೊಬ್ಬು ತುಂಬುತ್ತಾರೆ. ಫಲಿತಾಂಶ ಕಾಯಂ ಅನ್ನಿಸಿದರೂ ಇಂಪ್ಲಾಂಟ್ ಜೀವನಪೂರ್ತಿ ಬಾಳುವುದಿಲ್ಲ. ಕಲೆ ಉಳಿಯುತ್ತದೆ, ಮುಂದೆ ಹಾಲೂಡಿಸಲು ತೊಂದರೆಯಾಗಬಹುದು. ವ್ಯತ್ಯಾಸ ತುಂಬಾ ಜಾಸ್ತಿಯಿದ್ದು, ಮನಸ್ಸಿಗೆ ಹಿಂಸೆಯಾಗುತ್ತಿದ್ದರೆ, ಬೆಳವಣಿಗೆ ನಿಂತ ಮೇಲೆ ಯೋಚಿಸಿ.

ಆದರೆ ವ್ಯತ್ಯಾಸ ಹೊಸದಾಗಿ ಶುರುವಾಗಿದ್ದರೆ, ಗಂಟು ಸಿಕ್ಕರೆ, ಚರ್ಮ ಒಳಗೆ ಕುಗ್ಗಿದರೆ, ತೊಟ್ಟಿನಿಂದ ರಕ್ತ ಬಂದರೆ ಪ್ಯಾಡೂ ಬೇಡ, ಲೆಕ್ಕಾಚಾರವೂ ಬೇಡ. ಮೊದಲು ಡಾಕ್ಟರ್ ಹತ್ತಿರ ತೋರಿಸಿ.